ಸಾಧಕ ಒಂದು ಸಾಲು, ಬಾಧಕ ಒಂದು ಸಾಲು: ಕಾರ್ಡ್ ಆಟದ ಡಿಸೈನ್ ಬಗ್ಗೆ ಒಂದು ಪಾಠ

ಟ್ರೇಡಿಂಗ್ ಕಾರ್ಡ್ ಆಟದ ಒಂದು ಕಾರ್ಡನ್ನು ಕೈಗೆತ್ತಿಕೊಂಡರೆ ಮುಖ್ಯವಾಗಿ ಮೂರು ಸಂಗತಿ ಕಾಣಿಸುತ್ತವೆ: ಮೇಲೆ ಬೆಲೆ, ನಡುವೆ ಚಿತ್ರ, ಕೆಳಗೆ ಕಾರ್ಡ್ ಏನು ಮಾಡುತ್ತದೆ ಅನ್ನೋ ಬರಹ. ಕೆಲವು ಕಾರ್ಡ್‌ಗಳ ಬರಹದಲ್ಲಿ ಇನ್ನೊಂದು ಸಾಲು ಸೇರಿರುತ್ತದೆ. ಅದು ಕಾರ್ಡ್ ಆಡಿದವರಿಗೇ ತೊಂದರೆ ಕೊಡುವ ಸಾಲು. "ಪ್ರತಿ ಸರದಿ ನಿಮಗೇ ಒಂದು ಪೆಟ್ಟು", "ಕೈಯಲ್ಲಿರುವ ಕಾರ್ಡೆಲ್ಲ ಎಸೆಯಿರಿ", ಹೀಗೆ. ಇದನ್ನು ಡ್ರಾಬ್ಯಾಕ್ ಅಂತಾರೆ. ಸಾಧಕ-ಬಾಧಕ ಅನ್ನೋ ಜೋಡಿಪದ ನಮ್ಮಲ್ಲಿ ಇರುವುದರಿಂದ ಈ ಪಾಠದಲ್ಲಿ ಅದನ್ನು ಬಾಧಕ ಎಂದೇ ಕರೆಯೋಣ.

ಕನ್ನಡದಲ್ಲೇ ಒಂದು ಕಾರ್ಡ್ ಆಟ ಮಾಡಬೇಕು ಅನ್ನೋ ಮಾತು ನಮ್ಮ ಸಂಘದಲ್ಲಿ ಆಗಾಗ ಬರುತ್ತದೆ. ಚಿತ್ರ ಬರೆಯುವವರು ಇದ್ದಾರೆ, ಪ್ರಿಂಟ್ ಹಾಕಿಸುವುದು ಕಷ್ಟವಲ್ಲ. ಕಷ್ಟ ಇರುವುದು ಆಡುವ ಜನರನ್ನು ಉಳಿಸಿಕೊಳ್ಳುವುದರಲ್ಲಿ. ಹಾಸ್ಟೆಲಿನ ಒಂದು ಮೇಜಿನ ಸುತ್ತ ಎಂಟು ಜನ ಕೂತರು ಅಂತಿಟ್ಟುಕೊಳ್ಳಿ. ಮೊದಲನೇ ಆಟದಲ್ಲೇ ಫಸ್ಟ್ ಇಯರ್‌ನವರೊಬ್ಬರು ತಾವೇ ಆಡಿದ ಕಾರ್ಡಿನಿಂದ ಸೋತು, "ಇದೆಂಥ ಆಟ ಮಾರಾಯ್ರೇ" ಅಂತ ಎದ್ದು ಹೋದರೆ ಉಳಿಯುವುದು ಏಳು. ಇಂಥದ್ದು ನಾಲ್ಕು ಸಲ ಆದರೆ ಆಟ ಮುಗಿಯಿತು. ದೊಡ್ಡ ಕಂಪನಿಗಳಿಗೆ ಲಕ್ಷಗಟ್ಟಲೆ ಆಟಗಾರರಿದ್ದಾರೆ, ನಮಗಿರುವುದು ಒಂದು ಮೇಜು. ಹಾಗಾಗಿ ಬಾಧಕದ ಸಾಲನ್ನು ಹೇಗೆ ಬರೆಯಬೇಕು ಅನ್ನೋದು ನಮಗೆ ಅವರಿಗಿಂತ ಹೆಚ್ಚು ಮುಖ್ಯ.

ಈ ಪಾಠ ಹೇಳಹೊರಟಿರುವುದು ಒಂದೇ ಸಂಗತಿ. ಬಾಧಕ ಎಷ್ಟು ಭಾರ ಅನ್ನೋದು ಕಾರ್ಡಿನ ಮೇಲೆ ಅಚ್ಚಾಗಿರುವುದಿಲ್ಲ, ಓದುವವರನ್ನು ನೋಡಿಕೊಂಡು ಅದು ಬದಲಾಗುತ್ತದೆ. ಆದ್ದರಿಂದ ಬಾಧಕ ಬರೆಯುವ ಮೊದಲು ಅದು ಯಾರಿಗೆ ಹಿಡಿಸಬಾರದು, ಯಾರಿಗೆ ಆಸೆ ಹುಟ್ಟಿಸಬೇಕು ಎಂದು ತೀರ್ಮಾನಿಸಿಕೊಳ್ಳಬೇಕು. ಮೊದಲು ನಮ್ಮ ಇಸ್ಪೀಟಿನಿಂದ ಶುರು ಮಾಡಿ, ಅಮೆರಿಕದ ಒಂದು ಆಟದ ಕೆಲವು ಕಾರ್ಡ್‌ಗಳನ್ನು ಲೆಕ್ಕ ಹಾಕಿ ನೋಡೋಣ. ಆಮೇಲೆ ಸುಳ್ಯ ತಾಲೂಕಿನ ಅಜ್ಜಾವರದ ಅಡಿಕೆ ತೋಟವನ್ನು ಆಟದ ಅಂಗಳ ಮಾಡಿಕೊಂಡು ಮೂರು ಕಾರ್ಡ್ ಕಟ್ಟೋಣ.

ನಮ್ಮ ಇಸ್ಪೀಟಿನಲ್ಲೇ ಇದೆ

ಕೇರಳದಲ್ಲೂ ಗಡಿಗೆ ಅಂಟಿದ ನಮ್ಮ ಕಡೆಯಲ್ಲೂ ಆಡುವ ಇಪ್ಪತ್ತೆಂಟು ಆಟವನ್ನು ತೆಗೆದುಕೊಳ್ಳಿ. 32 ಎಲೆಗಳು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ನಾಲ್ಕು ಬಣ್ಣ ಸೇರಿ 28 ಅಂಕ. ರಾಜ, ರಾಣಿಗೆ ಸೊನ್ನೆ. ಆಟದ ಜೀವ ಇರುವುದು ಕೂಗುವುದರಲ್ಲಿ. ಹೆಚ್ಚು ಕೂಗಿದವರಿಗೆ ತುರುಫು ಆರಿಸುವ ಹಕ್ಕು ಸಿಗುತ್ತದೆ, ಜೊತೆಗೆ ಕೂಗಿದಷ್ಟು ಅಂಕ ಮಾಡಲೇಬೇಕಾದ ಹೊರೆಯೂ ಬೀಳುತ್ತದೆ. ತುರುಫು ಸಾಧಕ, ಕೂಗಿದ ಅಂಕ ಬಾಧಕ. ಇಲ್ಲಿ ಬಾಧಕದ ತೂಕವನ್ನು ಆಟಗಾರರೇ ನಿಗದಿ ಮಾಡುತ್ತಾರೆ. ಒಂದೇ ಕೈ ಸಿಕ್ಕಾಗ ಒಬ್ಬರು 15ಕ್ಕೆ ನಿಲ್ಲುತ್ತಾರೆ, ಇನ್ನೊಬ್ಬರು 19ರ ತನಕ ಹೋಗುತ್ತಾರೆ. ಕೈ ಬದಲಾಗಿಲ್ಲ, ಆಡುವ ಮನುಷ್ಯರು ಬೇರೆ.

ಇನ್ನೂ ಹಿಂದಿನದು ಗಂಜೀಫಾ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ 12 ಎಲೆ, ಒಟ್ಟು 120. ಪ್ರತಿ ಅವತಾರಕ್ಕೂ ರಾಜ, ಮಂತ್ರಿ, ಮತ್ತೆ 1ರಿಂದ 10ರ ತನಕದ ಎಲೆಗಳು. ಆದರೆ ಅರ್ಧ ಅವತಾರಗಳಲ್ಲಿ 10 ದೊಡ್ಡದು, ಉಳಿದರ್ಧದಲ್ಲಿ ಕ್ರಮ ತಿರುವುಮುರುವು, 1 ದೊಡ್ಡದು. ಅಂದರೆ "ಸಣ್ಣ ಅಂಕಿ ಬಂತು" ಅಂತ ಬೇಜಾರು ಮಾಡಿಕೊಳ್ಳುವ ಮೊದಲು ಅದು ಯಾವ ಅವತಾರದ ಎಲೆ ಎಂದು ನೋಡಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಆಟಗಳನ್ನು ಆಡಿದ್ದಷ್ಟೇ ಅಲ್ಲ, ಹೊಸ ಆಟಗಳನ್ನೇ ರೂಪಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ 13 ಬಗೆಯ ಚಾದ್ ಆಟಗಳ ವಿವರ ಇದೆ. ಅದರಲ್ಲಿ ಚಾಮುಂಡೇಶ್ವರಿ ಚಾದ್‌ಗೆ 320 ಎಲೆಗಳು. ಕಾರ್ಡ್ ಆಟ ಡಿಸೈನ್ ಮಾಡುವುದು ಕನ್ನಡ ನಾಡಿಗೆ ಹೊಸ ಕಸುಬೇನೂ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಮೂರು ಬಗೆಯ ಆಟಗಾರರು

ಈಗ ನಮ್ಮ ಕಾಲಕ್ಕೆ ಬರೋಣ. ಟ್ರೇಡಿಂಗ್ ಕಾರ್ಡ್ ಆಟ ಅನ್ನೋ ಮಾದರಿಯನ್ನು ಗಟ್ಟಿ ಮಾಡಿದ್ದು 1993ರಲ್ಲಿ ಬಂದ ಮ್ಯಾಜಿಕ್: ದ ಗ್ಯಾದರಿಂಗ್. ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಪ್ರಕಟಿಸಿದ್ದು ವಿಝರ್ಡ್ಸ್ ಆಫ್ ದ ಕೋಸ್ಟ್. ಇಬ್ಬರಿಗೂ 20 ಜೀವ. ಕಾರ್ಡಿನ ಬೆಲೆಗೆ ಬೇಕಾಗುವ ಶಕ್ತಿಗೆ ಮಾನಾ ಎಂದು ಹೆಸರು. ಎದುರಾಳಿಯ ಜೀವ ಸೊನ್ನೆಗೆ ಇಳಿಸಿದವರು ಗೆದ್ದರು. ಇಷ್ಟು ಗೊತ್ತಿದ್ದರೆ ಈ ಪಾಠಕ್ಕೆ ಸಾಕು.

ಅದೇ ಆಟದ ಡಿಸೈನರ್ ಮಾರ್ಕ್ ರೋಸ್‌ವಾಟರ್ 2002ರ ಒಂದು ಲೇಖನದಲ್ಲಿ ಆಟಗಾರರನ್ನು ಮೂರು ಬಗೆಯಾಗಿ ವಿವರಿಸಿದರು. ಅವರಿಟ್ಟ ಹೆಸರು ಟಿಮ್ಮಿ, ಜಾನಿ, ಸ್ಪೈಕ್. ನಾವು ನಮ್ಮ ಅನುಕೂಲಕ್ಕೆ ಕನ್ನಡದ ಹೆಸರು ಕೊಟ್ಟುಕೊಳ್ಳೋಣ.

ಗತ್ತಿನವರು: ಇವರಿಗೆ ಆಟದಲ್ಲಿ ಏನಾದರೂ ದೊಡ್ಡದು ನಡೆಯಬೇಕು. ದೊಡ್ಡ ಪ್ರಾಣಿ, ದೊಡ್ಡ ಪೆಟ್ಟು, ಮೇಜು ಕುಟ್ಟಿ ನಗುವಂಥ ಕ್ಷಣ. ಹತ್ತರಲ್ಲಿ ಮೂರು ಆಟ ಗೆದ್ದರೂ ಸಾಕು, ಆ ಮೂರು ನೆನಪಿನಲ್ಲಿ ಉಳಿಯಬೇಕು.

ಕಿತಾಪತಿಯವರು: ಇವರಿಗೆ ತಮ್ಮದೇ ಐಡಿಯಾ ಕೆಲಸ ಮಾಡಬೇಕು. ಯಾರೂ ಮುಟ್ಟದ ಕಾರ್ಡನ್ನು ಹುಡುಕಿ, ಇನ್ನೊಂದು ಕಾರ್ಡಿನ ಜೊತೆ ಜೋಡಿಸಿ, "ನೋಡಿ ಹೀಗೂ ಉಂಟು" ಅಂತ ತೋರಿಸಬೇಕು. ಲ್ಯಾಬಿನಲ್ಲಿ ಹಾಳಾದ ಪ್ರಿಂಟರ್‌ನ ಮೋಟರ್ ಕಿತ್ತು ಬೇರೇನೋ ಮಾಡುವವರು ಗೊತ್ತಲ್ಲ, ಅವರೇ.

ಲೆಕ್ಕದವರು: ಇವರಿಗೆ ಗೆಲ್ಲಬೇಕು, ಅದೂ ಚೆನ್ನಾಗಿ ಆಡಿದ್ದಕ್ಕೇ ಗೆದ್ದೆ ಎಂದು ತಮಗೆ ಖಾತ್ರಿಯಾಗಬೇಕು. ಕಾರ್ಡಿನ ಚಿತ್ರ ಇವರ ಕಣ್ಣಿಗೆ ಬೀಳುವುದು ಕಡಿಮೆ, ಅಂಕಿ ಮೊದಲು ಬೀಳುತ್ತದೆ.

ಯಾರೂ ನೂರಕ್ಕೆ ನೂರು ಒಂದೇ ಬಗೆಯಲ್ಲ. ಸೋಮವಾರ ಗತ್ತು, ಟೂರ್ನಮೆಂಟ್ ದಿನ ಲೆಕ್ಕ ಅನ್ನುವವರೂ ಇದ್ದಾರೆ. ಆದರೂ ಒಂದು ಕಾರ್ಡ್ ಎದುರಿಗಿಟ್ಟಾಗ ಈ ಮೂರು ಕಣ್ಣುಗಳಿಂದ ಓದಿ ನೋಡುವುದು ಒಳ್ಳೆಯ ಅಭ್ಯಾಸ.

ನಾಲ್ಕು ಕಾರ್ಡ್, ಮೂರು ಓದು

ಮೊದಲನೆಯದು ಲಾರ್ಡ್ ಆಫ್ ದ ಪಿಟ್, 1993ರ ಮೊದಲ ಕಂತಿನಲ್ಲೇ ಬಂದದ್ದು. 7 ಮಾನಾ ಬೆಲೆಯ, ಹಾರುವ, 7/7 ಬಲದ ರಾಕ್ಷಸ. ಬಾಧಕ: ಪ್ರತಿ ಸರದಿಯ ಆರಂಭದಲ್ಲಿ ನಿಮ್ಮದೇ ಇನ್ನೊಂದು ಪ್ರಾಣಿಯನ್ನು ಅವನಿಗೆ ಬಲಿ ಕೊಡಬೇಕು, ಇಲ್ಲದಿದ್ದರೆ ನಿಮಗೇ 7 ಪೆಟ್ಟು. ಗತ್ತಿನವರು ಚಿತ್ರ ಮತ್ತು 7/7 ನೋಡಿ ಕೂಡಲೇ ಡೆಕ್‌ಗೆ ಹಾಕುತ್ತಾರೆ, ಮೂರನೇ ಸರದಿಗೆ ಅಳುತ್ತಾರೆ, ಯಾಕಂದ್ರೆ ಅವರು ಸಾಕಿದ ಪ್ರಾಣಿಗಳೆಲ್ಲ ಹೊಟ್ಟೆಗೆ ಹೋಗಿರುತ್ತವೆ. ಲೆಕ್ಕದವರು 7 ಮಾನಾ ಕೊಟ್ಟು ಇಷ್ಟು ತಲೆನೋವು ಯಾಕೆ ಅಂತ ಪಕ್ಕಕ್ಕಿಡುತ್ತಾರೆ. ಕಿತಾಪತಿಯವರು ಮಾತ್ರ "ಬಲಿಗೆ ಪ್ರಾಣಿ ಎಲ್ಲಿಂದ ತರುವುದು?" ಎಂದು ಯೋಚಿಸಲು ಕೂರುತ್ತಾರೆ. 1994ರಲ್ಲಿ ಬ್ರೀಡಿಂಗ್ ಪಿಟ್ ಅನ್ನೋ ಕಾರ್ಡ್ ಬಂತು. ಸರದಿಗೆ 2 ಮಾನಾ ಕೊಡುತ್ತಾ ಹೋದರೆ ಅದು ಪ್ರತಿ ಸರದಿಯ ಕೊನೆಗೆ 0/1 ಬಲದ ಒಂದು ಪುಟ್ಟ ಪ್ರಾಣಿ ಹುಟ್ಟಿಸುತ್ತದೆ. ರಾಕ್ಷಸನ ಊಟಕ್ಕೆ ವ್ಯವಸ್ಥೆ ಆಯಿತು. ಬಾಧಕ ಅಲ್ಲೇ ಇದೆ, ಆದರೆ ಕಿತಾಪತಿಯವರಿಗೆ ಅದು ಬಿಡಿಸಬೇಕಾದ ಒಗಟು.

ಎರಡನೆಯದು ಜುಜಾಮ್ ಜಿನ್, 1993ರ ಡಿಸೆಂಬರಿನಲ್ಲಿ ಬಂದ ಅರೇಬಿಯನ್ ನೈಟ್ಸ್ ಕಂತಿನದು. 4 ಮಾನಾಗೆ 5/5. ಆಗ ಬಾಧಕವಿಲ್ಲದ ಸಾದಾ ಕಾರ್ಡ್ ಹಿಲ್ ಜಯಂಟ್ ಅದೇ 4 ಮಾನಾಗೆ 3/3. ಹೆಚ್ಚುವರಿ 2/2 ಬಲಕ್ಕೆ ತೆರಬೇಕಾದ ಬೆಲೆ: ಪ್ರತಿ ಸರದಿಯ ಆರಂಭದಲ್ಲಿ ಒಡೆಯನಿಗೆ 1 ಪೆಟ್ಟು.

ಇದನ್ನು ಲೆಕ್ಕ ಹಾಕೋಣ. ನಾಲ್ಕನೇ ಸರದಿಯಲ್ಲಿ ಆಡಿದಿರಿ, ಐದನೆಯದರಿಂದ ದಾಳಿ ಶುರು, ಯಾರೂ ತಡೆಯಲಿಲ್ಲ. 20 ಜೀವಕ್ಕೆ 5ರಂತೆ ನಾಲ್ಕು ದಾಳಿ ಸಾಕು, ಎಂಟನೇ ಸರದಿಗೆ ಆಟ ಮುಗಿಯುತ್ತದೆ. ಅಷ್ಟರಲ್ಲಿ ನೀವು ತಿಂದ ಪೆಟ್ಟು 4. ಎದುರಾಳಿಯ 20 ಜೀವಕ್ಕೆ ನಿಮ್ಮ 4 ಜೀವ, ಒಳ್ಳೆಯ ವ್ಯಾಪಾರ. ಆದರೆ ನೀವು ಕಾಯುವ ಸ್ವಭಾವದವರು, ದಾಳಿ ಮಾಡದೆ ಹತ್ತು ಸರದಿ ಕಾವಲಿಗೆ ನಿಲ್ಲಿಸಿಕೊಂಡಿರಿ ಅಂದರೆ ಅದೇ ಕಾರ್ಡ್ ನಿಮ್ಮ ಅರ್ಧ ಜೀವ ತಿಂದಿರುತ್ತದೆ. ಅಚ್ಚಾದ ಸಾಲು ಒಂದೇ, "1 ಪೆಟ್ಟು". ನಿಜವಾದ ಬೆಲೆ ಮಾತ್ರ 1 ಗುಣಿಲೆ ನೀವು ಆಟವನ್ನು ಎಷ್ಟು ಸರದಿ ಎಳೆಯುತ್ತೀರೋ ಅಷ್ಟು. ಅವಸರದವರಿಗೆ ಅಗ್ಗ, ತಾಳ್ಮೆಯವರಿಗೆ ದುಬಾರಿ.

ಮೂರನೆಯದು ನೆಕ್ರೊಪೊಟೆನ್ಸ್, 1995. ಇದನ್ನು ಆಡಿದವರಿಗೆ ಸರದಿಗೊಂದು ಕಾರ್ಡ್ ಎಳೆಯುವ ಹಕ್ಕು ಹೋಯಿತು. ಬದಲಿಗೆ ಜೀವ ಕೊಟ್ಟು ಕಾರ್ಡ್ ತೆಗೆದುಕೊಳ್ಳಬಹುದು, 1 ಜೀವಕ್ಕೆ 1 ಕಾರ್ಡ್, ಬೇಕಾದಷ್ಟು. ಮೇಲ್ನೋಟಕ್ಕೆ ಎರಡು ಬಾಧಕ: ಎಳೆಯುವಂತಿಲ್ಲ, ಜೀವವೂ ಹೋಗುತ್ತದೆ. ಮೊದಲು ಹಲವರು ಇದನ್ನು ಕಡೆಗಣಿಸಿದರು. ಲೆಕ್ಕದವರು ಕೇಳಿಕೊಂಡ ಪ್ರಶ್ನೆ ಬೇರೆ: ಕೊನೆಯ 1 ಜೀವ ಉಳಿದರೂ ನಾನು ಬದುಕಿದ್ದೇನೆ, ಹಾಗಾದರೆ ಉಳಿದ 19 ಜೀವ ಇರುವುದು ಏತಕ್ಕೆ? 1996ರ ಬೇಸಿಗೆಯಲ್ಲಿ ಟೂರ್ನಮೆಂಟ್‌ಗಳ ತುಂಬಾ ಇದೇ ಡೆಕ್. ಆ ಆಟದವರು ಆ ಕಾಲವನ್ನು ಈಗಲೂ ಕಪ್ಪು ಬೇಸಿಗೆ ಅಂತಾರೆ. ಇಲ್ಲಿ ಬಾಧಕ ಲೆಕ್ಕದವರಿಗೆ ಕರೆನ್ಸಿ ಆಗಿಬಿಟ್ಟಿತು.

ನಾಲ್ಕನೆಯದು ಲಯನ್ಸ್ ಐ ಡೈಮಂಡ್, 1996. ಬೆಲೆ ಸೊನ್ನೆ. ಕೈಯಲ್ಲಿರುವ ಕಾರ್ಡನ್ನೆಲ್ಲ ಎಸೆದು ಇದನ್ನೂ ಬಲಿ ಕೊಟ್ಟರೆ 3 ಮಾನಾ ಸಿಗುತ್ತದೆ. ಮಾನಾ ಬೇಕಾಗುವುದೇ ಕೈಯಲ್ಲಿರುವ ಕಾರ್ಡ್ ಆಡಲಿಕ್ಕೆ, ಆ ಕಾರ್ಡೇ ಇಲ್ಲದ ಮೇಲೆ ಮಾನಾ ಯಾಕೆ? ಆದರೆ 1998ರಲ್ಲಿ ಯಾಗ್‌ಮಾತ್ಸ್ ವಿಲ್ ಬಂತು. ಅದು ಎಸೆದ ರಾಶಿಯಲ್ಲಿರುವ ಕಾರ್ಡ್‌ಗಳನ್ನು ಆ ಒಂದು ಸರದಿಗೆ ಅಲ್ಲಿಂದಲೇ ಆಡಲು ಬಿಡುತ್ತದೆ. ಎರಡನ್ನೂ ಜೋಡಿಸಿದರೆ ಕೈ ಖಾಲಿಯಾದದ್ದು ನಷ್ಟವೇ ಅಲ್ಲ. ಯಾರಿಗೂ ಬೇಡದ ಕಾರ್ಡ್ ಮುಂದೆ ತುಂಬಾ ಬೆಲೆಬಾಳುವ ಕಾರ್ಡ್‌ಗಳ ಸಾಲಿಗೆ ಸೇರಿತು.

ನಷ್ಟದ ತೂಕ ಎರಡು ಪಟ್ಟು

"ಲೆಕ್ಕ ಸರಿ ಇದ್ದರೆ ಸಾಕಲ್ಲ, ಜನ ಆಡ್ತಾರೆ" ಅಂತ ನಿಮಗನ್ನಿಸಬಹುದು. ಹಾಗಾಗುವುದಿಲ್ಲ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಮುಂದಿಟ್ಟ ಪ್ರಾಸ್ಪೆಕ್ಟ್ ಥಿಯರಿಯ ಮುಖ್ಯ ಅಂಶ ಇದೇ: ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟ ನಮಗೆ ಹೆಚ್ಚು ಭಾರವಾಗಿ ತೋರುತ್ತದೆ. 1992ರ ಅವರ ಪ್ರಬಂಧದಲ್ಲಿ ಆ ಅನುಪಾತದ ಅಂದಾಜು 2.25. ಹಾಗಾಗಿ "3 ಗಳಿಸಿ, 1 ಕಳೆದುಕೊಳ್ಳಿ" ಅನ್ನೋ ಕಾರ್ಡ್ ಕಾಗದದ ಮೇಲೆ 2 ಲಾಭವಾದರೂ, ಮೊದಲ ಸಲ ಓದುವವರ ಮನಸ್ಸಿನಲ್ಲಿ ಉಳಿಯುವುದು ಮುಕ್ಕಾಲು ಮಾತ್ರ. ಅದೇ 2.25 ಹಿಡಿದರೆ "3 ಗಳಿಸಿ, 2 ಕಳೆದುಕೊಳ್ಳಿ" ಅನ್ನೋದು ಲೆಕ್ಕದಲ್ಲಿ 1 ಲಾಭ, ಮನಸ್ಸಿನಲ್ಲಿ ಒಂದೂವರೆ ನಷ್ಟ. ಆ ಕಾರ್ಡನ್ನು ಹೊಸಬರು ಮುಟ್ಟುವುದಿಲ್ಲ.

ಇದರಿಂದ ಡಿಸೈನರ್‌ಗೆ ಎರಡು ಸಲಹೆ. ಒಂದು, ಹೊಸಬರ ಡೆಕ್‌ನಲ್ಲಿ ಬಾಧಕದ ಕಾರ್ಡ್ ಕಡಿಮೆ ಇರಲಿ, ಇದ್ದರೂ ಸಾಧಕ ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿರಲಿ. ಎರಡು, ಕಳೆದುಕೊಳ್ಳುವುದನ್ನು ಪ್ರತಿ ಸರದಿಗೆ ಹಂಚುವ ಬದಲು ಆದಷ್ಟು ಮೊದಲೇ ವಸೂಲಿ ಮಾಡಿ. ಒಂದೇ ಸಲ 3 ಕೊಟ್ಟದ್ದು ಮರೆತುಹೋಗುತ್ತದೆ. ಮೂರು ಸರದಿ ಒಂದೊಂದು ಕೊಟ್ಟರೆ ಮೂರು ಸಲ ನೋಯುತ್ತದೆ.

ಅಜ್ಜಾವರದ ತೋಟಕ್ಕೆ ಇಳಿಯೋಣ

ಈಗ ಕೈಯಾರೆ ಮಾಡುವ ಭಾಗ. ಅಜ್ಜಾವರ ಸುಳ್ಯ ಪೇಟೆಗೆ ಹತ್ತಿರದ, ಪಯಸ್ವಿನಿ ತೀರದ ಊರು. ಅಡಿಕೆ ತೋಟ, ಕಾಡಿನ ಅಂಚು, ಒಂದಿಷ್ಟು ದೂರಕ್ಕೆ ಕೇರಳದ ಗಡಿ. ಅರೆಭಾಷೆ, ತುಳು, ಕನ್ನಡ, ಮಲಯಾಳ ಎಲ್ಲವೂ ಕಿವಿಗೆ ಬೀಳುವ ಜಾಗ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ: ಅಡಿಕೆ ಕೃಷಿಯಲ್ಲಿ ಬಾಧಕವಿಲ್ಲದ ಸಾಧಕ ಒಂದೂ ಇಲ್ಲ, ಹಾಗಾಗಿ ಕಾರ್ಡಿಗೆ ಬಾಧಕವನ್ನು ಕಲ್ಪಿಸಿಕೊಂಡು ಬರೆಯಬೇಕಾಗಿಲ್ಲ.

ಆಟದ ನಿಯಮ ಸರಳ. ಮೊದಲು 30 ಗೊನೆ ಅಂಗಳಕ್ಕೆ ತಂದವರು ಗೆದ್ದರು. ಕೈಯಲ್ಲಿ 5 ಕಾರ್ಡ್, ಸರದಿಗೊಂದು ಹೊಸದು. ಬೆಲೆ ಕೊಡುವುದು ದಿನಗಳಲ್ಲಿ. ಮೊದಲ ಸರದಿಗೆ 1 ದಿನ ಸಿಗುತ್ತದೆ, ಎರಡನೆಯದಕ್ಕೆ 2, ಹೀಗೆ ಏರುತ್ತಾ 6ಕ್ಕೆ ನಿಲ್ಲುತ್ತದೆ. ಖರ್ಚಾಗದ ದಿನ ಮುಂದಿನ ಸರದಿಗೆ ಉಳಿಯುವುದಿಲ್ಲ.

ಮೊದಲು ಬಾಧಕವಿಲ್ಲದ ಅಳತೆಗೋಲಿನ ಕಾರ್ಡ್ ಬೇಕು. ಅಡಿಕೆ ಸಾಲು: ಬೆಲೆ 2 ದಿನ, ಮುಂದಿನ ಸರದಿಯಿಂದ ಪ್ರತಿ ಸರದಿ 1 ಗೊನೆ. ಕೈಗೆ ಬರೀ ಅಡಿಕೆ ಸಾಲುಗಳೇ ಬಂದು, ಯಾರೂ ಅಡ್ಡ ಬಾರದಿದ್ದರೆ ಮೂರನೇ ಸರದಿಯಿಂದ 1, 2, 4, 6, 9, 12 ಗೊನೆ ಬರುತ್ತಾ ಏಳನೇ ಸರದಿಗೆ 22, ಎಂಟನೆಯದಕ್ಕೆ 34 ಆಗುತ್ತದೆ. ಅಂದರೆ ನಮ್ಮ ಆಟದ ಉದ್ದ ಸುಮಾರು 8 ಸರದಿ. ಈ ಅಂಕಿ ಗೊತ್ತಿಲ್ಲದೆ ಯಾವ ಬಾಧಕಕ್ಕೂ ಬೆಲೆ ಕಟ್ಟಲಾಗದು.

ಗತ್ತಿನವರಿಗೆ: ಕಾಡಾನೆ

ಬೆಲೆ 5 ದಿನ. ಪ್ರತಿ ಸರದಿ ಎದುರಾಳಿಯ ಒಂದು ಸಾಲನ್ನು ಎಸೆದ ರಾಶಿಗೆ ತಳ್ಳುತ್ತದೆ. ಇದಕ್ಕೆ ಎರಡು ಬಗೆಯ ಬಾಧಕ ಬರೆದು ನೋಡೋಣ.

ಒಂದು: "ಪ್ರತಿ ಸರದಿ ನಿಮ್ಮ ಒಂದು ಸಾಲೂ ಹೋಗುತ್ತದೆ." ಲೆಕ್ಕಕ್ಕೆ ಸರಿ, ಗತ್ತಿನವರಿಗೆ ಸರಿಯಿಲ್ಲ. ಅವರು ತಮ್ಮ ಆನೆಯನ್ನು ನೋಡಿ ಖುಷಿಪಡಬೇಕಾದ ಪ್ರತಿ ಸರದಿಯಲ್ಲೂ ತಮ್ಮದೇ ತೋಟಕ್ಕೆ ಕೈ ಹಾಕಬೇಕಾಗುತ್ತದೆ.

ಎರಡು: ನಿಜವಾಗಿ ನಡೆದದ್ದರಿಂದ ತೆಗೆದುಕೊಳ್ಳೋಣ. 2023ರ ಏಪ್ರಿಲ್‌ನಲ್ಲಿ ಅಜ್ಜಾವರದ ತೋಟವೊಂದರ ಕೆರೆಗೆ ನಾಲ್ಕು ಕಾಡಾನೆಗಳು ಬಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ದಂಡೆ ಕಡಿದು ದಾರಿ ಮಾಡಿ ಅವು ಮೇಲೆ ಹತ್ತುವಂತೆ ಮಾಡಿದರು. ಹಾಗಾದರೆ ಬಾಧಕ ಹೀಗಿರಲಿ: "ಎದುರಾಳಿ ಕೆರೆ ಇಟ್ಟಿದ್ದರೆ ಕಾಡಾನೆ ಅದಕ್ಕೆ ಬೀಳುತ್ತದೆ. ಇಬ್ಬರಲ್ಲಿ ಯಾರಾದರೂ 3 ದಿನ ಖರ್ಚು ಮಾಡಿ ದಂಡೆ ಕಡಿದರೆ ಆನೆ ಒಡೆಯರ ಕೈಗೆ ಮರಳುತ್ತದೆ." ಆನೆ ಸಾಯುವುದಿಲ್ಲ, ಮತ್ತೆ ಬರಬಹುದು. ಬೀಳುವ ಕ್ಷಣವೂ ಮೇಲೆ ಬರುವ ಕ್ಷಣವೂ ಮೇಜಿನಲ್ಲಿ ಎಲ್ಲರೂ ನೋಡುವಂಥದ್ದು. ಗತ್ತಿನವರು ತಡ ಆಗುವುದನ್ನು, ಆಪತ್ತಿಗೆ ಸಿಕ್ಕುವುದನ್ನು ಸಹಿಸುತ್ತಾರೆ. ಸಣ್ಣಸಣ್ಣ ತೆರಿಗೆಯನ್ನು ಸಹಿಸುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಆನೆ ಬಂದು ಹೋದ ಬೆಳಿಗ್ಗೆ ತೋಟದವರಿಗೆ ಆಟವಲ್ಲ, ವರ್ಷಗಟ್ಟಲೆ ಸಾಕಿದ ಗಿಡ ನೆಲಕ್ಕೆ ಬಿದ್ದಿರುತ್ತದೆ. ನಮ್ಮ ಮೇಜಿನಲ್ಲಿ ಆ ಕಡೆಯ ಮನೆಯವರು ಕೂತಿರಬಹುದು. ಕಾರ್ಡಿನ ಚಿತ್ರ, ಹೆಸರು, ಬರಹ ಅವರು ಓದಿದರೂ ಹೌದು ಅನ್ನುವ ಹಾಗಿರಲಿ, ತಮಾಷೆ ಅವರ ನಷ್ಟದ ಮೇಲೆ ಬೀಳದಿರಲಿ.

ಕಿತಾಪತಿಯವರಿಗೆ: ಕಟ್ಟ

ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣು ಹಾಕಿ ಕಟ್ಟುವ ಕಟ್ಟ ನಮ್ಮ ಕಡೆಯವರಿಗೆ ಗೊತ್ತಿರುವುದೇ. ಬೇಸಿಗೆಗೆ ನೀರು ಕೊಡುತ್ತದೆ, ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ಕಾರ್ಡ್ ಹೀಗೆ: ಬೆಲೆ 1 ದಿನ, ಪ್ರತಿ ಸರದಿ 1 ಗೊನೆ. ಅಡಿಕೆ ಸಾಲಿನ ಅರ್ಧ ಬೆಲೆ. ಬಾಧಕ: "ಯಾರಾದರೂ ಮಳೆಗಾಲ ಕಾರ್ಡ್ ಆಡಿದರೆ ಎಲ್ಲ ಕಟ್ಟಗಳೂ ಎಸೆದ ರಾಶಿಗೆ."

ಬಾಧಕವನ್ನು "2 ಗೊನೆ ಕಳೆದುಕೊಳ್ಳಿ" ಅಂತ ಬರೆದಿದ್ದರೆ ಕಿತಾಪತಿಯವರಿಗೆ ಅಲ್ಲಿ ಮಾಡಲು ಏನೂ ಇಲ್ಲ. ಎಸೆದ ರಾಶಿಗೆ ಹೋಗುತ್ತದೆ ಅಂದಾಗ ಅವರ ಕಿವಿ ನಿಮಿರುತ್ತದೆ, ಯಾಕಂದ್ರೆ ಎಸೆದ ರಾಶಿಯನ್ನು ಬೇರೆ ಕಾರ್ಡ್‌ಗಳು ಮುಟ್ಟಬಹುದು. ಬಾಧಕಕ್ಕೆ ಹಿಡಿಕೆ ಇರಬೇಕು ಅನ್ನೋದು ಇದನ್ನೇ. ಈಗ ಇನ್ನೊಂದು ಕಾರ್ಡ್ ಹಾಕೋಣ. ಹೂಳು: ಬೆಲೆ 2 ದಿನ, "ನಿಮ್ಮ ಎಸೆದ ರಾಶಿಯಲ್ಲಿರುವ ಪ್ರತಿ ಕಟ್ಟಕ್ಕೆ 2 ಗೊನೆ. ಎಣಿಸಿದ ಕಟ್ಟಗಳು ಆಟದಿಂದ ಹೊರಗೆ." ಮೂರು ಕಟ್ಟ ಕಟ್ಟಿ, ತಾವೇ ಮಳೆಗಾಲ ಆಡಿ, ಹೂಳು ಹಾಕಿದರೆ ಒಮ್ಮೆಗೇ 6 ಗೊನೆ. ಎದುರಾಳಿಯ ಕಟ್ಟಗಳೂ ಕೊಚ್ಚಿಹೋಗಿರುತ್ತವೆ.

"ಆಟದಿಂದ ಹೊರಗೆ" ಅನ್ನೋ ಕೊನೆಯ ಮಾತನ್ನು ಬಿಡಬೇಡಿ. ಅದಿಲ್ಲದಿದ್ದರೆ ಎರಡನೇ ಹೂಳು, ಮೂರನೇ ಹೂಳು ಅದೇ ಕಟ್ಟಗಳನ್ನು ಮತ್ತೆ ಮತ್ತೆ ಎಣಿಸುತ್ತವೆ. ಪ್ರೋಗ್ರಾಮಿನಲ್ಲಿ ಲೂಪ್ ನಿಲ್ಲುವ ಷರತ್ತು ಬರೆಯುವುದು ಎಷ್ಟು ಅಗತ್ಯವೋ ಇಲ್ಲೂ ಅಷ್ಟೇ. ಕಿತಾಪತಿಯವರಿಗೆ ಬಾಗಿಲು ತೆರೆದಿಡಿ, ಬಾಗಿಲು ಎಷ್ಟು ಅಗಲ ಎಂದು ನೀವೇ ಅಳೆದಿರಿ.

ಲೆಕ್ಕದವರಿಗೆ: ಮದ್ದು ಬಿಡದ ಸಾಲು

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ. ತಡೆಯಲು ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಶೇಕಡಾ 1ರ ದ್ರಾವಣ. ಮಳೆಗೆ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮದ್ದು ಬಿಡಲು ಮರ ಹತ್ತುವವರು ಸಿಗಬೇಕು, ಮಳೆ ಒಂದಿಷ್ಟು ಬಿಡುವು ಕೊಡಬೇಕು. ಬಿಡಿಸದೆ ಇದ್ದರೆ ಖರ್ಚು ಉಳಿಯಿತು, ಅದೃಷ್ಟ ಕೈಕೊಟ್ಟರೆ ಫಸಲು ಹೋಯಿತು.

ಕಾರ್ಡ್: ಬೆಲೆ 2 ದಿನ, ಪ್ರತಿ ಸರದಿ 2 ಗೊನೆ. ಬಾಧಕ: "ಗೊನೆ ಎಣಿಸಿದ ಮೇಲೆ ದಾಳ ಉರುಳಿಸಿ. 1 ಅಥವಾ 2 ಬಿದ್ದರೆ ಈ ಸಾಲು ಎಸೆದ ರಾಶಿಗೆ. 1 ದಿನ ಖರ್ಚು ಮಾಡಿ ಮದ್ದು ಬಿಟ್ಟರೆ ಆ ಸರದಿ ದಾಳ ಬೇಡ."

ಮದ್ದು ಬಿಡುವುದೇ ಇಲ್ಲ ಅಂತಿಟ್ಟುಕೊಂಡು ಸರಾಸರಿ ಹಾಕೋಣ. ಪ್ರತಿ ಸರದಿ ಉಳಿಯುವ ಸಂಭವ 2/3. ಆಟದಲ್ಲಿ n ಸರದಿ ಬಾಕಿ ಇದ್ದರೆ ಈ ಸಾಲಿನಿಂದ ನಿರೀಕ್ಷಿಸಬಹುದಾದ ಗೊನೆ, 6 ಗುಣಿಲೆ (1 ಕಳೆ 2/3ರ n ಘಾತ). ಬಾಧಕವಿಲ್ಲದ ಅಡಿಕೆ ಸಾಲಿನಿಂದ n.

3 ಸರದಿ ಬಾಕಿ: 4.22, ಸಾದಾ ಸಾಲಿಗೆ 3.
5 ಸರದಿ ಬಾಕಿ: 5.21, ಸಾದಾ ಸಾಲಿಗೆ 5.
6 ಸರದಿ ಬಾಕಿ: 5.47, ಸಾದಾ ಸಾಲಿಗೆ 6.

ನಮ್ಮ ಆಟ ಸುಮಾರು 8 ಸರದಿ. ಎರಡನೇ ಸರದಿಯಲ್ಲಿ ಆಡಿದರೆ 6 ಬಾಕಿ, ಇದು ಸಾದಾ ಸಾಲಿಗಿಂತ ಕಡಿಮೆ. ಮೂರನೆಯದರಲ್ಲಿ ಹೆಚ್ಚುಕಡಿಮೆ ಸಮ. ಐದನೆಯದರಲ್ಲಿ ಆಡಿದರೆ ಸ್ಪಷ್ಟ ಲಾಭ. ಮೊದಲು ಸಿಕ್ಕರೆ ಕೈಯಲ್ಲಿಟ್ಟುಕೊಂಡು ಕಾಯಬೇಕು, ದಿನ ಉಳಿದ ಸರದಿಗಳಲ್ಲಿ ಮದ್ದು ಬಿಡಬೇಕು. ಲೆಕ್ಕದವರಿಗೆ ಬೇಕಾದದ್ದು ಇಂಥ ಕಾರ್ಡ್, ತಾವು ಚೆನ್ನಾಗಿ ಆಡಿದರೆ ಬಾಧಕ ಸಣ್ಣದಾಗುವಂಥದ್ದು. ಅದೇ ಕಾರ್ಡನ್ನು ಗತ್ತಿನವರು ಎರಡನೇ ಸರದಿಯಲ್ಲೇ ಆಡಿ, ಮೊದಲ ದಾಳಕ್ಕೇ ಕಳೆದುಕೊಂಡು ಬೈಯುತ್ತಾರೆ. ಆದ್ದರಿಂದ ಇದು ಹೊಸಬರ ಡೆಕ್‌ಗೆ ಹೋಗಬಾರದು.

ಯಾರಿಗೂ ಬೇಡದ ಬಾಧಕಗಳು

ಮೂವರಲ್ಲಿ ಒಬ್ಬರಿಗೂ ಏನೂ ಕೊಡದ ಬಾಧಕಗಳಿವೆ. ನೆನಪಿಟ್ಟುಕೊಳ್ಳುವುದೇ ಹೊರೆಯಾಗುವಂಥವು, ಉದಾಹರಣೆಗೆ "ಮೂರು ಸರದಿಗೊಮ್ಮೆ, ಎದುರಾಳಿಯ ಸಾಲು ಬೆಸ ಸಂಖ್ಯೆಯಲ್ಲಿದ್ದರೆ". ಎದುರಾಳಿಗೂ ಬೇಸರ ತರುವಂಥವು, ಉದಾಹರಣೆಗೆ "ನಿಮ್ಮ ಮುಂದಿನ ಎರಡು ಸರದಿ ಇಲ್ಲ". ಹೆಸರಿಗಷ್ಟೇ ಬಾಧಕವಾಗಿ ಯಾವತ್ತೂ ಅನ್ವಯವಾಗದಂಥವು. ಇವು ಕಂಡರೆ ತಿದ್ದುತ್ತಾ ಕೂರುವುದಕ್ಕಿಂತ ಅಳಿಸಿ ಹೊಸದು ಬರೆಯುವುದು ಒಳ್ಳೆಯದು.

ಪರೀಕ್ಷೆ ಮಾಡುವುದು ಹೇಗೆ

ಕಾರ್ಡ್ ಪ್ರಿಂಟ್ ಹಾಕಿಸುವ ಮೊದಲು ಚೀಟಿಯಲ್ಲಿ ಬರೆದು ಆಡಿ ನೋಡಬೇಕು. ಮೂರು ಬಗೆಯವರೂ ಬೇರೆ ಬೇರೆಯಾಗಿ ಆಡಲಿ. ಡಿಸೈನ್ ಮಾಡಿದವರು ಪಕ್ಕದಲ್ಲಿ ಕೂತು ಬಾಯಿ ಬಿಡದೆ ಮೂರು ಸಂಗತಿ ಬರೆದುಕೊಳ್ಳಲಿ.

ಮೊದಲನೆಯದು, ಕಾರ್ಡ್ ಕೈಗೆ ಬಂದಾಗ ಆಡಿದರೋ, ಕೈಯಲ್ಲೇ ಉಳಿಯಿತೋ? ಯಾರೂ ಆಡದಿದ್ದರೆ ಬಾಧಕ ಹೆಚ್ಚಾಗಿದೆ ಅಥವಾ ಸಾಧಕ ಕಾಣುತ್ತಿಲ್ಲ.

ಎರಡನೆಯದು, ಬಾಧಕದ ಸಾಲು ಓದಿದ ಮೇಲೆ ಆಟಗಾರರು ಒಂದು ಗಳಿಗೆ ಯೋಚಿಸಿದರೋ? ಯೋಚಿಸದೆ ಪ್ರತಿ ಸಲವೂ ಆಡಿದರೆ ಬಾಧಕ ಹಗುರ, ಯೋಚಿಸದೆ ಪ್ರತಿ ಸಲವೂ ಬಿಟ್ಟರೆ ಭಾರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸೋತ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಏನು? "ಛೆ, ಒಂದು ಸರದಿ ಮೊದಲೇ ಮದ್ದು ಬಿಡಬೇಕಿತ್ತು" ಅಂದರೆ ಅವರು ಇನ್ನೊಂದು ಆಟಕ್ಕೆ ಕೂರುತ್ತಾರೆ. "ಈ ಕಾರ್ಡೇ ಸರಿ ಇಲ್ಲ" ಅಂದರೆ ಏಳುತ್ತಾರೆ. ಸೋಲಿನ ಕಾರಣ ಆಟಗಾರರ ತೀರ್ಮಾನದಲ್ಲಿರಬೇಕು, ಅಚ್ಚಾದ ಸಾಲಿನಲ್ಲಲ್ಲ. ಎಂಟು ಜನರ ಮೇಜನ್ನು ಉಳಿಸುವುದು ಈ ಒಂದು ಪರೀಕ್ಷೆ.

ನಿಮ್ಮ ಸರದಿ

ಮೂರು ಅಭ್ಯಾಸ ಕೊಟ್ಟು ಪಾಠ ಮುಗಿಸುತ್ತೇವೆ.

1. ರಬ್ಬರ್: ನೆಟ್ಟು ಆರೇಳು ವರ್ಷ ಕಾದ ಮೇಲೆ ಹಾಲು, ಆಮೇಲೆ ಬೆಳಿಗ್ಗೆ ಬೇಗ ಎದ್ದು ಟ್ಯಾಪಿಂಗ್. 8 ಸರದಿಯ ಆಟದಲ್ಲಿ ಈ ಕಾಯುವಿಕೆಯನ್ನು ಗತ್ತಿನವರಿಗೆ ಹಿಡಿಸುವ ಹಾಗೆ ಬರೆಯಿರಿ.

2. ಮಂಗ: ಇಬ್ಬರ ತೋಟಕ್ಕೂ ನುಗ್ಗುವ ಕಾರ್ಡ್. ಬಾಧಕಕ್ಕೆ ಕಿತಾಪತಿಯವರು ಹಿಡಿಯುವಂಥ ಒಂದು ಹಿಡಿಕೆ ಇಡಿ, ಲೂಪ್ ಆಗದಂತೆ ಷರತ್ತನ್ನೂ ಬರೆಯಿರಿ.

3. ಹಳದಿ ಎಲೆ ರೋಗ: ಸುಳ್ಯ ಕಡೆಯ ಅಡಿಕೆ ತೋಟಗಳನ್ನು ಕಾಡುತ್ತಿರುವ ಈ ರೋಗಕ್ಕೆ ಕೊಳೆರೋಗದ ಹಾಗೆ ಮದ್ದು ಬಿಟ್ಟು ಪಾರಾಗುವ ದಾರಿಯಿಲ್ಲ. ಬೆಲೆ ಕೊಟ್ಟು ತಪ್ಪಿಸಿಕೊಳ್ಳಲಾಗದ ಬಾಧಕವನ್ನು ಬರೆಯಿರಿ. ಆದರೂ ಸೋತವರು ಮೇಜಿನಿಂದ ಏಳದೆ, "ಆಗ ಬೇರೆ ಏನು ನೆಡಬಹುದಿತ್ತು?" ಅಂತ ಯೋಚಿಸುವ ಹಾಗಿರಬೇಕು. ಮೂರರಲ್ಲಿ ಕಷ್ಟದ್ದು ಇದೇ.

ಬರೆದ ಕಾರ್ಡ್‌ಗಳನ್ನು ಚೀಟಿಯಲ್ಲೇ ಸಂಘದ ಮುಂದಿನ ಸಭೆಗೆ ತನ್ನಿ. ಪ್ರತಿ ಚೀಟಿಯ ಹಿಂದೆ ಒಂದು ಸಾಲು ಇರಲಿ: ಈ ಬಾಧಕ ಯಾರಿಗೆ ಹಿಡಿಸಬಾರದು, ಯಾರಿಗೆ ಆಸೆ ಹುಟ್ಟಿಸಬೇಕು. ಆ ಸಾಲು ಬರೆಯಲು ಆಗದಿದ್ದರೆ ಕಾರ್ಡಿನ ಮೇಲೆ ಇನ್ನೊಂದು ದಿನ ಕೆಲಸ ಮಾಡಿ.